ಮಾರೇಶ ಪ್ರಸಂಗ ನಿಲ್ಲಿಸಿದ್ದು

ಕರೂರಿನ ಮಾರೇಶ ಓದಿದ್ದು ಎಸ್ಸೆಸ್ಸೆಲ್ಸಿ ಅಷ್ಟೇ. ಆದರೆ ಕ್ರೈಸ್ತರ ಸಭೆಯಲ್ಲಿ ಬೈಬಲ್ ವಾಕ್ಯ ಹಿಡಿದು ಪ್ರಸಂಗಕ್ಕೆ ನಿಂತನೆಂದರೆ ಸಿರುಗುಪ್ಪ ತಾಲೂಕಿನಲ್ಲಿ ಅವನ ಸಮ ಯಾರೂ ಇಲ್ಲ ಎನ್ನುತ್ತಿದ್ದರು ಜನ. ಅಪ್ಪ ಅವ್ವ ಇಬ್ಬರೂ ಗದ್ದೆ ಕೂಲಿಯವರು. ಇಪ್ಪತ್ತೆರಡಕ್ಕೆ ದೀಕ್ಷಾಸ್ನಾನ ಪಡೆದವನು, ಎರಡು ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿ ಬಳ್ಳಾರಿಯ ಗಾಂಧಿನಗರಕ್ಕೆ ಹೋಗಿ, ಸುಂಕಣ್ಣ ಮಾಸ್ತರರ ಮನೆಯ ಮಹಡಿಯಲ್ಲಿ ಕುಳಿತು ಈ ವಿದ್ಯೆ ಕಲಿತಿದ್ದ.

ಮಾಸ್ತರರು ನಿವೃತ್ತ ಸಭಾಪಾಲಕರು, ಖಡಕ್ ಮನುಷ್ಯ. "ಹತ್ತು ಮಾತು ಹೇಳಬ್ಯಾಡ. ವಾಕ್ಯ ಓದು, ಅದರಾಗ ಒಂದ ಮಾತು ಹಿಡಿ, ಅದಕ್ಕೊಂದು ದೃಷ್ಟಾಂತ ಹುಡುಕು. ಕಡೀಕ ಅದನ್ನ ಕೇಳೋರ ಕೈಯಾಗ ಇಡು. ಮನಿಗೆ ಹೋಗಿ ಮಾಡಾಕ ಏನೂ ಇಲ್ಲಂದ್ರ ಅದು ಪ್ರಸಂಗ ಅಲ್ಲ, ಬರೇ ಗಾಳಿ" ಎನ್ನುತ್ತಿದ್ದರು.

ಮಾರೇಶ ಅದನ್ನು ಚಾಚೂ ತಪ್ಪದೆ ಪಾಲಿಸಿದ. ಮಂಗಳವಾರ ವಾಕ್ಯ ಆರಿಸುತ್ತಿದ್ದ. ಎರಡು ದಿನ ಕಾಲುವೆ ಏರಿಯ ಮೇಲೆ ನಡೆಯುತ್ತ ಒಬ್ಬನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಎದುರಿಗೆ ಬಂದವರು ನಕ್ಕರೂ ನಿಲ್ಲಿಸುತ್ತಿರಲಿಲ್ಲ. ಶುಕ್ರವಾರ ಬರೆದದ್ದರಲ್ಲಿ ಅರ್ಧ ಹೊಡೆದುಹಾಕುತ್ತಿದ್ದ. ಶನಿವಾರ ಹೆಂಡತಿ ಜಯಶ್ರೀ ಅಕ್ಕಿ ಆರಿಸುವಾಗ ಎದುರಿಗೆ ಕುಳಿತು ಹೇಳುತ್ತಿದ್ದ. ಅವಳ ಕೈ ಎಲ್ಲಿ ತಾನಾಗಿ ನಿಲ್ಲುತ್ತದೋ ಆ ಮಾತು ಉಳಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಕರೂರಿನ ತಗಡಿನ ಸಭೆಮನೆಯಲ್ಲಿ, ಮಧ್ಯಾಹ್ನ ಕುರುಗೋಡಿನ ಬಾಡಿಗೆ ಕೋಣೆಯಲ್ಲಿ, ಹೀಗೆ ಹತ್ತೊಂಬತ್ತು ವರ್ಷ. ಜನ ಅವನನ್ನು ತೆಲುಗಿನವರಂತೆ ಅಯ್ಯಗಾರು ಎಂದೇ ಕರೆಯುತ್ತಿದ್ದರು.

ಹೋದ ವರ್ಷ ನಾಟಿಯ ದಿನಗಳು. ಬೈಬಲ್ಲಿನಲ್ಲಿ ವಾಸಿಯಾಗಿ, ಹಾಸಿಗೆ ಹೊತ್ತುಕೊಂಡು ಎದ್ದು ನಡೆದ ಪಾರ್ಶ್ವವಾಯು ರೋಗಿಯ ಕಥೆಯ ಮೇಲೆ ಪ್ರಸಂಗ. ದೃಷ್ಟಾಂತಕ್ಕೆಂದು ಮಾರೇಶ ಒಂದು ಊರುಗೋಲು ತಂದಿದ್ದ. ಮೊದಲಿಂದ ಕೊನೆಯವರೆಗೂ ಅದರ ಮೇಲೆ ಒರಗಿ ಮಾತಾಡಿ, ಕೊನೆಗೆ ಅದನ್ನು ನೆಲಕ್ಕೆ ಬಿಸಾಕಿದ.

"ನೀವು ಎದರ ಮ್ಯಾಲೆ ಒರಗಿ ನಿಂತೀರಿ ನೋಡ್ಕೋರ್ರಿ. ಇವತ್ತ ಅದನ್ನ ಬಿಟ್ಟು ಮನಿಗೆ ಹೋಗ್ರಿ!"

ಅವನ ಮನಸ್ಸಿನಲ್ಲಿದ್ದದ್ದು ಕುಡಿತ, ಹಗೆ, ನಾಲ್ಕು ಜನ ಏನಂದಾರು ಎಂಬ ಭಯ. ಅವುಗಳ ಹೆಸರು ಹೇಳುವ ಸಾಲನ್ನು ಶುಕ್ರವಾರ ಹೊಡೆದುಹಾಕಿದ್ದ. ಬಿಡಿಸಿ ಹೇಳಿದರೆ ಮಾತಿನ ಏಟು ಸಡಿಲಾಗುತ್ತದೆ ಅನಿಸಿತ್ತು. ಏಟು ಬಿತ್ತು. ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ ಎಂದು ಮಾರೇಶನಿಗೇ ಅನಿಸಿತು.

ಎರಡನೆಯ ಸಾಲಿನಲ್ಲಿ ಉಚ್ಚೆಂಗೆಮ್ಮ ಕುಳಿತಿದ್ದಳು. ನಾಟಿ ಕೂಲಿಯವಳು, ಗಂಡ ಇಲ್ಲ, ಒಬ್ಬಳೇ ಮಗಳು ಅಕ್ಷಿತಾ. ಉಚ್ಚೆಂಗೆಮ್ಮ ಏಳು ವರ್ಷದಿಂದ ಮೂರ್ಛೆರೋಗಕ್ಕೆ ದಿನಕ್ಕೆ ಎರಡು ಗುಳಿಗೆ ನುಂಗುತ್ತಿದ್ದಳು. ಆ ಪ್ರಸಂಗವಾದ ಹನ್ನೊಂದನೆಯ ದಿನ, ಜೊತೆಯ ಹೆಂಗಸರು ಸಸಿಯ ಕಟ್ಟು ತರಲು ಆಚೆ ಬದುವಿಗೆ ಹೋಗಿದ್ದಾಗ, ಗದ್ದೆಯಲ್ಲಿ ಮುಖ ಕೆಳಗಾಗಿ ಬಿದ್ದಳು. ನೀರು ಮೊಣಕಾಲಿನಷ್ಟೂ ಇರಲಿಲ್ಲ. ಅವರು ಓಡಿಬಂದು ಎತ್ತುವಷ್ಟರಲ್ಲಿ ಉಸಿರು ನಿಂತಿತ್ತು.

ಮಾರೇಶ ಮನೆಗೆ ಹೋದಾಗ ಅಕ್ಷಿತಾ ಅತ್ತು ಅತ್ತು ಸುಮ್ಮನಾಗಿದ್ದಳು. ಕಾಗದದಲ್ಲಿ ಸುತ್ತಿದ್ದ ಗುಳಿಗೆಗಳನ್ನು ತಂದು ಅವನ ಕೈಗೆ ಕೊಟ್ಟಳು.

"ನಿಮ್ಮ ಪ್ರಸಂಗದ ಮರುದಿನದಿಂದ ಅವ್ವ ಒಂದೂ ತಗೊಂಡಿಲ್ರಿ. ಈಗ ಅಕ್ಕಿ ಡಬ್ಬಿಯೊಳಗ ಸಿಕ್ಕವು. ಅವತ್ತ ಹೇಳಿದ್ಲು, ಅಯ್ಯಗಾರು ಕೋಲು ಬಿಡ್ರಿ ಅಂದ್ರು, ನನ್ನ ಕೋಲು ಯಾವ್ದು ಅಂತ ನನಗ ಗೊತ್ತೈತಿ ಅಂತ. ನನಗ ತಿಳೀಲಿಲ್ಲ."

ಮಾರೇಶ ಕಾಗದ ಬಿಚ್ಚಿ ನೋಡಿದ. "ನಾನು ಗುಳಿಗಿ ಅನ್ನಲಿಲ್ಲವ್ವ."

"ಹೌದ್ರಿ. ನೀವು ಅನ್ನಲಿಲ್ಲ."

ಮರುದಿನ ಮಣ್ಣಿಗೆ ಅರ್ಧ ಊರು ಸೇರಿತ್ತು. ಕುಣಿಯ ಅಂಚಿನಲ್ಲಿ ನಿಂತ ಮಾರೇಶನಿಗೆ, ತನ್ನ ತಲೆ ಆಗಲೇ ಒಂದು ಚಂದದ ಆರಂಭದ ಸಾಲನ್ನು ಹೊಂದಿಸುತ್ತಿರುವುದು ತಿಳಿಯಿತು. ಎಲ್ಲಿ ದನಿ ತಗ್ಗಿಸಬೇಕು ಎಂಬುದೂ ಸಿದ್ಧವಾಗಿತ್ತು. ತನ್ನ ಮೇಲೆಯೇ ಹೇಸಿಗೆಯಾಗಿ ಅವನು ಅದನ್ನೆಲ್ಲ ಬಿಟ್ಟು, ಇದ್ದದ್ದನ್ನು ಇದ್ದಂತೆ ಹೇಳಿದ.

"ಈಕಿ ನನ್ನ ಮಾತು ಕೇಳಿ ಗುಳಿಗಿ ಬಿಟ್ಲು. ಅದಕ್ಕ ಸತ್ಲು. ನಾ ಚಂದ ಹೇಳಾಕ ಹೋಗಿ, ಹೇಳಬೇಕಾದ್ದು ಹೇಳಲಿಲ್ಲ. ತಪ್ಪು ನಂದು. ಯಾರೂ ಔಷಧ ಬಿಡಬ್ಯಾಡ್ರಿ."

ಅಳುತ್ತ ನಿಂತ. ಜನರೂ ಅತ್ತರು. ಮಣ್ಣು ಮುಗಿದ ಮೇಲೆ ಸಭೆಯ ಹಿರಿಯ ಭೀಮರಾಜ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಎಷ್ಟು ತಗ್ಗಿಸ್ಕೊಂಡು ಮಾತಾಡಿದ್ರಿ ಅಯ್ಯಗಾರು! ಆಕಿದು ದೇವರ ಚಿತ್ತ. ಆದ್ರ ಇವತ್ತಿನ ಪ್ರಸಂಗ, ಅವತ್ತಿಂದಕ್ಕಿಂತ ಹೆಚ್ಚು ಮನಸ್ಸಿಗೆ ಹತ್ತಿತು ನೋಡ್ರಿ."

"ಅದು ಪ್ರಸಂಗ ಅಲ್ಲಪ್ಪಾ..." ಎಂದ ಮಾರೇಶ. ಭೀಮರಾಜ ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದ. ಅವನಿಗೆ ಅದೂ ಚಂದವಾಗಿಯೇ ಕೇಳಿಸಿತ್ತು.

ಆ ವಾರವೇ ಮಾರೇಶ ಬಳ್ಳಾರಿಗೆ ಹೋದ. ಸುಂಕಣ್ಣ ಮಾಸ್ತರರಿಗೆ ಈಗ ಎಂಬತ್ತು ದಾಟಿದೆ. ಎಲ್ಲ ಕೇಳಿಸಿಕೊಂಡರು.

"ಕೇಳೋರ ಕೈಯಾಗ ಇಡು ಅಂತ ಕಲಿಸಿದಾಂವ ನಾನ. ಆ ಕೈಯಾಗ ಮೊದಲ ಏನೈತಿ ನೋಡು ಅಂತ ಹೇಳಲಿಲ್ಲ. ನನಗೂ ಯಾರೂ ಹೇಳಿರಲಿಲ್ಲಪ್ಪ" ಎಂದರು. ಅದರಿಂದ ಮಾರೇಶನಿಗೆ ಸಮಾಧಾನವಾಗಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವನು ವಾಕ್ಯ ಓದಿ ಕುಳಿತುಬಿಡುತ್ತಿದ್ದ. ಬಾಯಿ ತೆರೆದರೆ ಯಾರು ಏನು ಕೇಳಿಸಿಕೊಂಡು ಹೋಗಿ ಏನು ಮಾಡಿಕೊಳ್ಳುತ್ತಾರೋ ಎಂದು ನಾಲಿಗೆ ಕಟ್ಟುತ್ತಿತ್ತು. ನಾಲ್ಕು ತಿಂಗಳು ಕಾದ ಜನ ಬೇರೆಯವರನ್ನು ಕರೆತಂದರು. ಮಾರೇಶ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದ.

ಮೊನ್ನೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಅಕ್ಷಿತಾ ಸಿಕ್ಕಳು. ತಪ್ಪಿಸಿಕೊಂಡು ಹೋಗಬೇಕೆಂದುಕೊಂಡ, ಅವಳೇ ಹತ್ತಿರ ಬಂದಳು.

"ಆರಾಮ ಅದೀರೇನ್ರಿ?"

"ಅದೀನವ್ವ."

ಆಮೇಲೆ ಅವಳೇ ಅಂದಳು: "ಅವ್ವ ಆ ಹನ್ನೊಂದು ದಿನ ಭಾಳ ಖುಷಿಯಾಗಿದ್ಲು ರೀ. ರೋಗ ಹೋತು ಅಂತ ಹಾಡ್ಕೋತ ಕೆಲಸಕ್ಕ ಹೋಗತಿದ್ಲು. ನಿಮ್ಮ ಮ್ಯಾಲೆ ಸಿಟ್ಟು ಮಾಡ್ಕೋಬಾರದು ಅಂತೀನಿ. ಆದ್ರ ಆಕಿ ನಗು ನೆನಪಾದಾಗೆಲ್ಲ ಸಿಟ್ಟು ಬರತೈತಿ."

ಕರೂರಿನ ಬಸ್ಸು ಬಂತು. ಅವಳು ಹತ್ತಿದಳು. ಅವನೂ ಅದೇ ಬಸ್ಸಿಗೆ ಹೋಗಬೇಕಾದವನು, ಹತ್ತಲಿಲ್ಲ.