ಗುಣವಾಗದವಳ ಕೃತಜ್ಞತಾ ಫಲಕ

ಹೂಮೀನಿನ ಹುರುಪೆ ಕೆರೆಯುವ ಕರಕರ ಸದ್ದು ತಟ್ಟನೆ ನಿಂತರೆ ತೈನಾನ್ ಪಟ್ಟಣದ ನಮ್ಮ ಮಾರುಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ಮೀನು ಮಾರುವ ಲೀಶ್ಯಾಳ ಎಡಪಕ್ಕೆಯಲ್ಲಿ ನೋವು ಎದ್ದಿದೆ. ಕತ್ತಿ ಹಿಡಿದ ಕೈ ಗಾಳಿಯಲ್ಲಿ ನಿಲ್ಲುತ್ತಿತ್ತು. ಅವಳು ಹಲ್ಲು ಕಚ್ಚಿ ಉಸಿರು ಬಿಡುವಷ್ಟರಲ್ಲಿ ಆಚೀಚೆಯವರು ಒಂದೊಂದು ಸಲಹೆ ಎಸೆದು ಮುಗಿಸುತ್ತಿದ್ದರು. ಸಲಹೆಗೆ ತೂಕವಿಲ್ಲವಲ್ಲ, ಎಷ್ಟು ಬೇಕಾದರೂ ಎಸೆಯಬಹುದು.

ಚಳಿಗಾಲದಲ್ಲಿ ಸರ್ಪಸುತ್ತು ಎದ್ದಿತ್ತು. ಬೊಕ್ಕೆಗಳು ಒಣಗಿ ಉದುರಿದವು, ನೋವು ಮಾತ್ರ ಉಂಡಮೇಲೂ ಏಳದ ನೆಂಟನಂತೆ ಕೂತುಬಿಟ್ಟಿತು. ಅಂಗಿ ತಾಗಿದರೂ ಕೆಂಡ ತಾಗಿದ ಹಾಗೆ. ಆಸ್ಪತ್ರೆಯ ಮಾತ್ರೆ ನುಂಗಿದರೆ ಕಣ್ಣು ಮಂಕಾಗಿ ಕತ್ತಿ ಬೆರಳಿನ ಮೇಲೇ ಇಳಿಯುತ್ತಿತ್ತು. ಗಂಡ ಸತ್ತಮೇಲೆ ಆ ಕತ್ತಿಯೇ ಅವಳ ಅನ್ನ. ಮಾತ್ರೆ ಬಿಟ್ಟಳು. ಮಾತ್ರೆಯಿಲ್ಲದ ದಾರಿಯುದ್ದಕ್ಕೂ ಮಹಾನುಭಾವರು ಸಾಲುಗಟ್ಟಿ ನಿಂತಿದ್ದರು.

ಮೊದಲನೆಯವನು ಗುಡಿಯ ಮುದುಕ. ಅವಳ ಬೆನ್ನ ಹಿಂದೆ ಹುಲ್ಲಿನ ಕಟ್ಟು ಇಟ್ಟು ಕೊಚ್ಚುತ್ತಾ, "ಏನು ಕೊಚ್ತಿದೀನಿ?" ಎಂದ. "ಹಾವು" ಎನ್ನಬೇಕು, ಅದು ಪದ್ಧತಿ. ಲೀಶ್ಯಾ ತಿರುಗಿ ನೋಡಿ, "ಏನೂ ಇಲ್ಲ ತಾತಾ, ಕತ್ತಿ ಮೊಂಡು. ಕೊಡಿ, ಮಸೆದು ಕೊಡ್ತೀನಿ" ಎಂದಳು. ಹಾವು ಸಾಯಲಿಲ್ಲ, ಮುದುಕ ಮಾತು ಬಿಟ್ಟ. ನೋವು ಹೀರಿ ತೆಗೀತೀನಿ ಎಂದು ಬಿಸಿ ಬಟ್ಟಲು ಕವುಚಿದವನು ಬೆನ್ನ ತುಂಬ ಬಿಲ್ಲೆಯಂಥ ನೇರಳೆ ಕಲೆ ಒತ್ತಿ ಕಳಿಸಿದ. ಉದ್ಯಾನದ ಕಲ್ಲುಹಾದಿಯಲ್ಲಿ ಬರಿಗಾಲಲ್ಲಿ ನಡೆ ಎಂದವಳು ತಾನು ಮೆತ್ತನೆಯ ಚಪ್ಪಲಿ ಹಾಕಿಕೊಂಡಿದ್ದಳು.

ಕೊನೆಗೆ ನಾದಿನಿ ಜಿಂಜೂ ತನಗೆ ಪರಿಚಯದ ಕೋ ವೈದ್ಯರ ಹತ್ತಿರ ಕೂದಲೆಳೆಯಂಥ ಸೂಜಿ ನೆಡುವ ಚಿಕಿತ್ಸೆಗೆ ಕರೆದೊಯ್ದಳು. ಸೂಜಿ ಚುಚ್ಚಿದಮೇಲೆ ಅರ್ಧ ದಿನ ನೋವು ತಗ್ಗುತ್ತಿತ್ತು, ಬಟ್ಟೆ ಬರೀ ಬಟ್ಟೆಯಾಗಿರುತ್ತಿತ್ತು. ಆಮೇಲೆ ಮತ್ತೆ ಕೆಂಡ. ಆದರೆ ವೈದ್ಯರನ್ನು ತೋರಿಸಿಕೊಟ್ಟವರು "ಹೇಗಿದೆ?" ಎಂದರೆ ನಮ್ಮಲ್ಲಿ ಯಾರೂ "ಇಲ್ಲ" ಎನ್ನುವುದಿಲ್ಲ, ಅದು ಅವರ ಮುಖಕ್ಕೆ ಉಗಿದಂತೆ. ಲೀಶ್ಯಾಳೂ "ತುಂಬಾ ಹಗುರ" ಎಂದುಬಿಟ್ಟಳು.

ಅಷ್ಟು ಸಾಕಾಯಿತು. ಗುಣವಾದವರು ವೈದ್ಯರಿಗೆ ಮರದ ಫಲಕ ಬರೆಸಿ ಕೊಡುವುದು ರೂಢಿ. ಜಿಂಜೂ ಅತ್ತಿಗೆಯನ್ನು ಕೇಳದೆಯೇ ಬರೆಸಿದಳು. 'ಉರಿಯನ್ನು ಬೇರುಸಹಿತ ಕಿತ್ತ ಕೈ' ಎಂದು ಚಿನ್ನದ ಅಕ್ಷರ, ಕೆಳಗೆ ಹುಂಗ್ ಲೀಶ್ಯಾ ಎಂದು ಪೂರ್ತಿ ಹೆಸರು. ಫಲಕ ಚಿಕಿತ್ಸಾಲಯದ ಗೋಡೆ ಏರಿತು. ಅಂದಿನಿಂದ ಕರಕರ ಸದ್ದು ನಿಂತರೆ ಮಾರುಕಟ್ಟೆಯವರು, "ಗುಣವಾದೋಳಿಗೆ ಇದೆಂಥ ನಾಟಕ?" ಎನ್ನತೊಡಗಿದರು. ಅವಳು ಅದನ್ನೂ ನುಂಗಿಕೊಂಡಳು. ಆ ಅರ್ಧ ದಿನ ಅವಳಿಗೆ ಬೇಕಿತ್ತು.

ಒಂದು ಬೆಳಿಗ್ಗೆ ಚಿಕಿತ್ಸಾಲಯದ ಬೆಂಚಿನಲ್ಲಿ, ಅಂಗಿ ತಾಗದಂತೆ ಪಕ್ಕೆಯಿಂದ ಎತ್ತಿ ಹಿಡಿದು ಕೂತಿದ್ದ ಹೆಂಗಸೊಬ್ಬಳು ಕೇಳಿದಳು: "ಆ ಫಲಕದ ಲೀಶ್ಯಾ ನೀವೇನಾ ಅಕ್ಕಾ? ನಿಮ್ಮ ಹೆಸರು ನೋಡೇ ನಾನು ಮಾತ್ರೆ ಎಲ್ಲಾ ಬಿಸಾಕಿದೆ. ರಾತ್ರಿಯೆಲ್ಲಾ ಅಳ್ತೀನಿ. ಈ ಉರಿ ಇನ್ನೆಷ್ಟು ದಿನಕ್ಕೆ ಹೋಗುತ್ತೆ?"

ಲೀಶ್ಯಾ ಎದ್ದು ಗೋಡೆಯ ಬಳಿ ಹೋದಳು. ಸ್ಟೂಲು ಎಳೆದು ಹತ್ತಿ ಫಲಕ ಇಳಿಸಿದಳು.

"ಇದೇನಕ್ಕಾ, ಎಲ್ಲಾ ನೋಡ್ತಿದಾರೆ!" ಕೋ ವೈದ್ಯರು ಓಡಿಬಂದರು.

"ನೋಡ್ಲಿ ಅಂತ್ಲೇ. ನಿಮ್ಮ ಸೂಜಿ ನಂಗೆ ಅರ್ಧ ದಿನ ಕೊಡುತ್ತೆ, ಅದು ಸುಳ್ಳಲ್ಲ. ಅರ್ಧ ದಿನ ಅಂತ ಬರೆಸಿ, ನಾನೇ ಮೊಳೆ ಹೊಡೀತೀನಿ."

"ಅದನ್ನ ಯಾರಾದ್ರೂ ಚಿನ್ನದಲ್ಲಿ ಬರೆಸ್ತಾರಾ?" ಎಂದರು ವೈದ್ಯರು.

"ಅತ್ತಿಗೇ, ನನ್ನ ಮರ್ಯಾದೆ!" ಜೊತೆಗೆ ಬಂದಿದ್ದ ಜಿಂಜೂ ಚೀರಿದಳು.

"ಮರ್ಯಾದೆ ಉರೀತಿದ್ರೆ ಇವರ ಹತ್ರ ಸೂಜಿ ಚುಚ್ಚಿಸ್ಕೊ. ಅರ್ಧ ದಿನ ತಣ್ಣಗಿರುತ್ತೆ."

ಆಮೇಲೆ ಬೆಂಚಿನವಳ ಕಡೆ ಬಾಗಿ, ದನಿ ತಗ್ಗಿಸಿ ಹೇಳಿದಳು: "ನಂಗೆ ಗುಣವಾಗಿಲ್ಲ ತಂಗಿ. ಸೂಜಿ ಬೇಕಾದ್ರೆ ಚುಚ್ಚಿಸ್ಕೊ. ಮಾತ್ರೆ ಮಾತ್ರ ಆಸ್ಪತ್ರೆಯವರನ್ನ ಕೇಳ್ದೆ ಬಿಡ್ಬೇಡ."

"ನೋಡಿ ಅಕ್ಕಾ," ವೈದ್ಯರು ಗಂಟಲು ಸರಿಪಡಿಸಿಕೊಂಡರು, "ಹೀಗಾದ್ರೆ ನಾಳೆಯಿಂದ ನಿಮಗೆ ಇಲ್ಲಿ ಸೂಜಿ…"

ಲೀಶ್ಯಾ ಫಲಕವನ್ನು ಬಲಗಂಕುಳಲ್ಲಿ ಇರುಕಿಕೊಂಡು, ಅವರ ಮಾತು ಇನ್ನೂ ನಡೆಯುತ್ತಿರುವಾಗಲೇ ಬಾಗಿಲು ದಾಟಿ ಬಿಸಿಲಿಗೆ ಇಳಿದಳು.