ಬೆನ್ನಿಗೆ ಸರಿಸಿದ ಕರಿಮಣಿ

ಅರವತ್ತರ ದಶಕದ ಆರಂಭದಲ್ಲಿ ಮೂಡಬಿದಿರೆಯ ನಮ್ಮ ಸಣ್ಣ ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಬಂತು. ಅದನ್ನು ನಡೆಸಲು ಕಲಿತು ಬರಲೆಂದು ನರ್ಸ್ ಆಗಿದ್ದ, ಊರವರು ಬಾಯಮ್ಮ ಎಂದು ಕರೆಯುತ್ತಿದ್ದ ನನ್ನನ್ನು ಮಂಗಳೂರಿಗೆ ಕಳಿಸಿದರು. ಗುಂಡಿ ಒತ್ತುವುದು, ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವುದು ಎಲ್ಲ ಕಲಿತೆ. ಕಲಿಸಿದವರು ಗಂಡಸರು. "ಚಿನ್ನ ಗಿನ್ನ ತೆಗೆಸಿ" ಎಂದರು, ಅಷ್ಟೆ. ಕರಿಮಣಿಯ ವಿಚಾರ ಅವರಿಗೆಲ್ಲಿ ಹೊಳೆಯಬೇಕು!

ನಮ್ಮಲ್ಲಿ ಒಂದು ರೂಢಿಯಿತ್ತು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲು ಆಯಾ ಬಂದು ಹೆಂಗಸರ ಕರಿಮಣಿಯನ್ನು ಬೆನ್ನಿಗೆ ಸರಿಸುತ್ತಿದ್ದಳು. ತೆಗೆಯಿರಿ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಯಂತ್ರ ಬಂದ ಮೊದಲ ವಾರವೇ ಬೆಳುವಾಯಿಯಿಂದ ಅತ್ತೆ ಸೊಸೆ ಬಂದರು. ಸೊಸೆಗೆ ಬಿಡದ ಕೆಮ್ಮು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ.

"ಕ್ಷಯ ಅಂತಾದರೆ ಇಲ್ಲಿಂದಲೇ ತಾಯಿ ಮನೆಗೆ ಬಿಡ್ತೇನೆ ಬಾಯಮ್ಮ," ಎಂದರು ಅತ್ತೆ ನನ್ನಲ್ಲಿ. "ಮನೆಯಲ್ಲಿ ಸಣ್ಣ ಮಕ್ಕಳು ಉಂಟು."

ಆ ಹೆಸರು ಹೊತ್ತು ತವರಿಗೆ ಹೋದವಳನ್ನು ಆಗ ಯಾರೂ ವಾಪಸು ಕರೆಯುತ್ತಿರಲಿಲ್ಲ. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು.

ರೂಢಿಯಂತೆ ಆಯಾ ಕರಿಮಣಿ ಹಿಂದಕ್ಕೆ ಸರಿಸಿದಳು, ನಾನು ಗುಂಡಿ ಒತ್ತಿದೆ. ತೊಳೆದ ಫಿಲ್ಮಿನಲ್ಲಿ ಎದೆಯ ಮೇಲ್ಭಾಗದ ತುಂಬ ಚುಕ್ಕಿ. ಡಾಕ್ಟರಿಗೂ ಈ ವಿದ್ಯೆ ಹೊಸದು. ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿ, "ಎಲ್ಲ ಒಂದೇ ಗಾತ್ರ ಉಂಟಲ್ಲ, ಹೇಗೆ?" ಎಂದರು. ನನಗೂ ಹಾಗೇ ಕಂಡಿತು. ರೋಗವೇನು ಜರಡಿ ಹಿಡಿದುಕೊಂಡು ಬರುತ್ತದೆಯೇ? ಆಗ ಹೊಳೆಯಿತು, ಅವು ಬೆನ್ನಿಗೆ ಸರಿಸಿದ ಕರಿಮಣಿಗಳು! ಸ್ಟೆತಸ್ಕೋಪಿಗೆ ಬೆನ್ನು ಮರೆ, ಈ ಯಂತ್ರಕ್ಕೆ ಎದೆಯೂ ಒಂದೇ ಬೆನ್ನೂ ಒಂದೇ. ಮೂವರೂ ಎಂಥ ಬೆಪ್ಪುಗಳು!

ಇನ್ನೊಂದು ತೆಗೆಯಬೇಕು, ಕರಿಮಣಿ ಬಿಚ್ಚಿ ಎಂದೆ. "ನನ್ನ ಮಗ ಗಟ್ಟಿ ಇರುವಾಗಲಾ?" ಅತ್ತೆ ಅಡ್ಡ ನಿಂತರು. ಸೊಸೆಯನ್ನು ಬಿಡಬಹುದು, ಕರಿಮಣಿ ಬಿಚ್ಚಬಾರದು! ಸಿಟ್ಟು ನೆತ್ತಿಗೇರಿತು, ನುಂಗಿಕೊಂಡೆ. ಅಡುಗೆಕೋಣೆಯಿಂದ ಅರಿಶಿನದ ಕೊಂಬು ತರಿಸಿ, ದಾರಕ್ಕೆ ಕಟ್ಟಿ ಅವರ ಕೈಗೇ ಕೊಟ್ಟೆ. ಅವರು ಅದನ್ನು ಸೊಸೆಯ ಗಂಟಲಿನ ಹತ್ತಿರ ಬಿಗಿದು, ಆಮೇಲೆ ಕರಿಮಣಿ ತೆಗೆದರು. ಮುಂದೆ ನನ್ನಲ್ಲಿ ಕಲಿಯಲು ಬಂದ ಹುಡುಗಿಯರಿಗೆಲ್ಲ ಗುಂಡಿಗಿಂತ ಮೊದಲು ಇದನ್ನೇ ಕಲಿಸಿದೆ.

ಎರಡನೆಯ ಫಿಲ್ಮಿನಲ್ಲಿ ಚುಕ್ಕಿ ಇರಲಿಲ್ಲ. "ಕ್ಷಯ ಅಲ್ಲ, ಬರೇ ಕೆಮ್ಮು," ಎಂದರು ಡಾಕ್ಟರು. ನನಗೆ ಅಳುವೇ ಬಂತು. ಅತ್ತೆ ದೇವರಿಗೆ ಕೈಮುಗಿದರು. ಹುಡುಗಿ ಆಗ ಕೇಳಿದಳು:

"ಅತ್ತೆ, ಹಾಗಾದರೆ ಎರಡು ದಿನ ಅಮ್ಮನ ಮನೆಗೆ ಹೋಗಿ ಬರ್ಲಾ?"

ಅತ್ತೆಗೆ ಅವಳ ಮುಖ ನೋಡಲಾಗಲಿಲ್ಲ. ಕರಿಮಣಿಯನ್ನು ಅವಳ ಕುತ್ತಿಗೆಗೆ ಹಾಕುತ್ತಾ, "ಹೋಗು ಮಗಾ," ಎಂದರು. "ಕರಕೊಂಡು ಬರ್ಲಿಕ್ಕೆ ನಾನೇ ಬರ್ತೇನೆ."