ಕುಣಿಯಿಂದ ಎದ್ದು ಬಂದ ಕಾಕಾ

ಕಾಕಾನ ಹುಬ್ಬಿನ ಮೇಲೆ ಸದಾ ಹತ್ತಿಯ ನವಿರು ಕೂತಿರುತ್ತಿತ್ತು. ಬೆಳಗಿನ ಬಿಸಿಲು ಬಿದ್ದಾಗ ಹಣೆಯ ಕೆಳಗೆ ಎರಡು ಬಿಳಿ ಮೋಡ ನಿಂತಂತೆ ಕಾಣುತ್ತಿತ್ತು.

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ನಾನು ಆಗಷ್ಟೇ ಅಸೂಟಿ ಹಳ್ಳಿಯಿಂದ ಸೊಸೆಯಾಗಿ ಬಂದಿದ್ದೆ. ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ನೂಲು ಕೊಟ್ಟು ಸೀರೆ ಒಯ್ಯುವ ಸಾಹುಕಾರ ಮಾತ್ರ ಬದಲಾಗಿರಲಿಲ್ಲ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಲಾಳಿ ಓಡಿಸುತ್ತಲೇ ಕಾಕಾ ರಷ್ಯಾದ ಕ್ರಾಂತಿಯ ಕಥೆ ಹೇಳುತ್ತಿದ್ದರು. ಸೊಲ್ಲಾಪುರದ ಬಟ್ಟೆ ಗಿರಣಿಯಲ್ಲಿದ್ದಾಗ ಕೇಳಿದ್ದಂತೆ. ಅವರ ಹೆಂಡತಿ ಕಾಕೂ ಮತ್ತು ನಾನು ರಾಟಿಯ ಮೇಲೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೇಳುತ್ತಿದ್ದೆವು. ಆ ಹಿಮದ ನಾಡು ನಮ್ಮ ಗುಡ್ಡದ ಹಿಂದೆಯೇ ಇದೆಯೇನೋ ಅನಿಸಿ ಕಣ್ಣು ಮಂಪರಾಗುತ್ತಿತ್ತು.

"ಬರೇ ಹಸಿವಿಗೆ ಕ್ರಾಂತಿ ಆಗೂದಿಲ್ಲ ತಂಗಿ. ಹಸದಾವನ ಮುಂದ ಉಂಡಾವ ಡರ್ರಂತ ತೇಗಬೇಕು, ಆವಾಗ ಆಗತೈತಿ."

"ಆದಮ್ಯಾಲೆ ಏನ್ರಿ ಕಾಕಾ?"

"ಅರಸೂ ಇಲ್ಲ, ಆಳೂ ಇಲ್ಲ. ಎಲ್ಲಾರೂ ಒಂದ."

ಆ ವರ್ಷ ನನ್ನ ಗಂಡ ಬಂಡಿಯಿಂದ ಬಿದ್ದು ಬಲಗೈ ಮುರಿದುಕೊಂಡ. ಮಗ್ಗಕ್ಕೆ ಹೂಡಿ ಅರ್ಧ ನೇಯ್ದಿದ್ದ ಹಾಸುನೂಲನ್ನು ಬಿಚ್ಚಿ ಬೇರೆ ಮನೆಗೆ ಕೊಡುವುದಾಗಿ ಸಾಹುಕಾರ ಹೇಳಿ ಕಳಿಸಿದ. ಹಾಸು ಹೋದರೆ ರೊಟ್ಟಿಯೂ ಹೋದಂತೆ. ನಾನು ಧೈರ್ಯ ಮಾಡಿ, "ನನಗ ನೇಯೂದು ಕಲಸ್ರಿ ಕಾಕಾ" ಎಂದೆ.

ಲಾಳಿ ನಿಂತಿತು. "ಹೆಣ್ಮಕ್ಕಳು ಕುಣಿಗೆ ಇಳಿಯೂದು ನಮ್ಮ ಪದ್ಧತಿ ಅಲ್ಲವ್ವಾ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಗ, ಎಂದೂ ಕ್ರಾಂತಿಯ ಕಥೆಯಲ್ಲಿ ಬಾಯಿ ಹಾಕದ ಕಾಕೂ ರಾಟಿ ನಿಲ್ಲಿಸದೆಯೇ ಕೇಳಿದರು: "ಅಲ್ಲಿ ಅರಸನ್ನ ಎಬ್ಬಿಸಿ ಕಳಿಸಿದ್ರಿ. ಇಲ್ಲಿ ಈ ಕುಣಿಯಾಗಿನ ಅರಸ ಯಾವಾಗ ಏಳ್ತಾನ್ರಿ?"

ಮರುದಿನ ಬೆಳಿಗ್ಗೆ ಕಾಕಾ ನಮ್ಮ ಮನೆಗೆ ಬಂದು, ನಮ್ಮ ಮಗ್ಗದ ಪಕ್ಕದ ರಾಟಿಯ ಮುಂದೆ ಧೋತರ ಮಡಚಿ ಕೂತರು. "ಕುಣಿಗೆ ಇಳಿ ತಂಗಿ. ಕಂಡಿಕೆ ನಾ ಸುತ್ತತೀನಿ."

ಅವರು ಸುತ್ತಿದ ಕಂಡಿಕೆಯೋ, ದೇವರಿಗೇ ಪ್ರೀತಿ! ಓಣಿ ಆಡಿಕೊಂಡು ನಕ್ಕಿತು. ನಾನು ಕಲಿಯುತ್ತ ಗೇಣುದ್ದ ಬಟ್ಟೆ ಕೆಡಿಸಿದೆ. ಆದರೆ ಹಾಸು ನಮ್ಮಲ್ಲೇ ಉಳಿಯಿತು. "ನೀವೂ ಇಳೀರಿ" ಎಂದರೆ ಕಾಕೂ, "ಈ ವಯಸ್ಸಿನ್ಯಾಗ ನನಗ್ಯಾಕವ್ವಾ" ಎಂದು ನಗುತ್ತಿದ್ದರು.

ಕಾಕಾ ಕಾಯುತ್ತಿದ್ದ ಕ್ರಾಂತಿ ಬರಲಿಲ್ಲ. ಕೆಮ್ಮು ಬಂತು, ಅವರನ್ನು ಕರೆದೊಯ್ದಿತು. ಓಣಿಯ ಮಗ್ಗಗಳೆಲ್ಲ ನಿಂತವು. ದಿನಕರ್ಮ ಮುಗಿದ ಮರುಬೆಳಗು ಮಗ್ಗದ ಮೊದಲ ಸದ್ದು ಕೇಳಿದ್ದು ಅವರ ಮನೆಯಿಂದಲೇ. ಓಡಿ ಹೋದೆ. ಕಾಕೂ ಕುಣಿಯಲ್ಲಿ ಕೂತಿದ್ದರು.

"ಸೀರಿ ಅರ್ಧಾ ಬಿಟ್ಟು ಹ್ವಾದ್ರು. ಕಂಡಿಕೆ ಸುತ್ತು, ತಂಗಿ."

ನಾನು ರಾಟಿಯ ಮುಂದೆ ಕೂತೆ.